ಶಿರಸಿಯಿಂದ ಕ್ಯಾಂಡಿಯ ದಳದಾ ಮಾಳಿಗಾವಕ್ಕೆ ಒಬ್ಬಳೇ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು. ವಯಸ್ಸು ಐವತ್ತೆರಡು. 2025ರ ಫೆಬ್ರವರಿಯಲ್ಲಿ ಶ್ರೀಲಂಕಾದ ಕ್ಯಾಂಡಿಗೆ ಹೋಗಿದ್ದೆ. ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದೇವಸ್ಥಾನದಲ್ಲಿ ಬೆಳಿಗ್ಗೆ ಐದೂವರೆಯಿಂದ ರಾತ್ರಿ ಏಳೂವರೆವರೆಗೆ, ಒಳಗೆ ಹೊರಗೆ ಅಂತ ಒಂದು ಇಡೀ ದಿನ ಕಳೆದೆ. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ, ಜೊತೆಗೆ ಯಾರೂ ಇಲ್ಲ. ವಾಪಸ್ ಬಂದ ಮೇಲೆ ಮಂಡಿಯಲ್ಲಿ, ಮದುವೆ ಮನೆಯಲ್ಲಿ, ಕುಮಟಾ ಬಸ್ಸಿನಲ್ಲಿ ಸಿಕ್ಕವರೆಲ್ಲ ಅದೇ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಟ್ಟೆ.

ಒಬ್ಳೇ ಹೋಗಿದ್ಯನೇ ಮಾರಾಯ್ತಿ? ಹೆದ್ರಿಕೆ ಆಗ್ಲಿಲ್ವಾ?

ಇದೇ ಮೊದಲ ಪ್ರಶ್ನೆ, ಯಾವಾಗಲೂ. ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಅವರ ದನಿಯಲ್ಲಿ ಗಾಬರಿಗಿಂತ ಆಸೆ ಹೆಚ್ಚು ಕಾಣುತ್ತದೆ.

ಹೆದರಿಕೆ ಆಗಿತ್ತು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಯಾವ ಸಾಲಿಗೆ ನಿಲ್ಲಬೇಕು ಅಂತ ತಿಳಿಯದೆ ಮೂರು ಸಾಲು ಬದಲಾಯಿಸಿದೆ. ಕ್ಯಾಂಡಿಯಲ್ಲಿ ಆಗಲಿಲ್ಲ. ನಸುಕಿನಲ್ಲಿ ಬಿಳಿ ಬಟ್ಟೆ ಉಟ್ಟ ಅಜ್ಜಿಯರು ಹೂವಿನ ಬುಟ್ಟಿ ಹಿಡಿದು ನಡೆದು ಹೋಗುವ ದಾರಿಯಲ್ಲಿ ಹೆದರುವುದು ಹೇಗೆ? ರಾತ್ರಿ ಎಂಟರ ಮೇಲೆ ಪೇಟೆ ಬೇಗ ಖಾಲಿಯಾಗುತ್ತದೆ. ಆಗ ಕೆರೆದಂಡೆಯಲ್ಲಿ ಒಂಟಿಯಾಗಿ ತಿರುಗಬೇಡಿ. ಶಿರಸಿಯಲ್ಲೂ ರಾತ್ರಿ ಹತ್ತರ ಮೇಲೆ ನಾವು ಒಬ್ಬರೇ ತಿರುಗುವುದಿಲ್ಲ, ಅಲ್ವಾ?

ಬುದ್ಧನ ದೇವಸ್ಥಾನ ನೋಡಲು ಅಷ್ಟು ದೂರ ಯಾಕೆ? ಮುಂಡಗೋಡ ಇಲ್ಲೇ ಇದೆಯಲ್ಲ?

ಇದೆ. ಹೋಗಿ ಬನ್ನಿ, ನಾನು ಐದಾರು ಸಲ ಹೋಗಿದ್ದೇನೆ. 1966ರಲ್ಲಿ ಶುರುವಾದ ಟಿಬೆಟನ್ ಶಿಬಿರ ಅದು. ಲ್ಹಾಸಾದ ಹತ್ತಿರ ಇದ್ದ ದ್ರೆಪುಂಗ್, ಗಾಂದೆನ್ ಮಠಗಳನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ. ಸಂಜೆ ಹೊತ್ತು ಲಾಮಾಗಳು ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡುವುದನ್ನು ನೋಡಲಿಕ್ಕಾದರೂ ಹೋಗಬೇಕು.

ಆದರೆ ಅದು ಬೇರೆ, ಇದು ಬೇರೆ. ಮುಂಡಗೋಡದಲ್ಲಿರುವುದು ಟಿಬೆಟ್ಟಿನ ಮಹಾಯಾನ, ವಜ್ರಯಾನದ ದಾರಿ. ಲಂಕೆಯದು ಥೇರವಾದ. ಮುಂಡಗೋಡದಲ್ಲಿ ಕಡುಗೆಂಪು ಬಟ್ಟೆ, ಲಂಕೆಯಲ್ಲಿ ಕೇಸರಿ. ಇನ್ನೊಂದು ವ್ಯತ್ಯಾಸ ನನಗೆ ಕಂಡದ್ದು: ಮುಂಡಗೋಡದಲ್ಲಿ ನಾವು ಮಠ ನೋಡಲು ಹೋದ ಪ್ರವಾಸಿಗಳು. ಕ್ಯಾಂಡಿಯಲ್ಲಿ ಊರಿನ ಜನವೇ ಹರಕೆ, ಹೂವು, ಕೂಸು ಎಲ್ಲ ಹಿಡಿದುಕೊಂಡು ಬರುತ್ತಾರೆ, ನಾವು ಮಾರಿಗುಡಿಗೆ ಹೋಗುವ ಹಾಗೆ.

ಸರಿ, ಕ್ಯಾಂಡಿಯೇ ಯಾಕೆ?

ಬನವಾಸಿಯಿಂದಾಗಿ. ನಗಬೇಡಿ.

ಲಂಕೆಯಲ್ಲಿ ‘ಮಹಾವಂಶ’ ಅಂತ ಪಾಲಿ ಭಾಷೆಯ ಹಳೆಯ ಗ್ರಂಥವಿದೆ. ಅಶೋಕನ ಕಾಲದಲ್ಲಿ ಧರ್ಮ ಹೇಳಲು ಯಾರ್ಯಾರನ್ನು ಎಲ್ಲೆಲ್ಲಿಗೆ ಕಳಿಸಿದರು ಅಂತ ಅದರಲ್ಲಿ ಒಂದು ಪಟ್ಟಿ ಬರುತ್ತದೆ. ಮಹಿಂದ ಲಂಕೆಗೆ ಹೋದ. ಅದೇ ಪಟ್ಟಿಯಲ್ಲಿ ರಕ್ಖಿತ ಎಂಬ ಥೇರ, ಅಂದರೆ ಹಿರಿಯ ಭಿಕ್ಕು, ‘ವನವಾಸ’ಕ್ಕೆ ಹೋದ ಅಂತಿದೆ. ವನವಾಸ ಅಂದರೆ ನಮ್ಮ ಬನವಾಸಿ ಸೀಮೆ ಎಂದು ಅನೇಕ ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ಒಂದೇ ಸಲಕ್ಕೆ ಹೊರಟವರಲ್ಲಿ ಒಬ್ಬರು ಅಲ್ಲಿಗೆ, ಒಬ್ಬರು ಇಲ್ಲಿಗೆ. ಇಲ್ಲಿ ಆ ಬೀಜ ಉಳಿಯಲಿಲ್ಲ. ಅಲ್ಲಿ ಮರವಾಯಿತು. ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಊರಿನ ಹೆಸರು ಆ ಪಟ್ಟಿಯಲ್ಲಿ ನೋಡಿದ ಮೇಲೆ, ಆ ಮರ ಹೇಗಿದೆ ನೋಡಿ ಬರೋಣ ಅನ್ನಿಸಿತು.

ಎರಡನೇ ಕಾರಣ, ಆ ಊರು ನಮ್ಮ ಊರಿನ ಹಾಗೇ ಇದೆ ಅಂತ ಕೇಳಿದ್ದೆ. ನಿಜ. ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರ, ಶಿರಸಿಗಿಂತ ಸ್ವಲ್ಪ ತಗ್ಗು. ಹಿತ್ತಲಲ್ಲಿ ಅಡಿಕೆ, ಕಾಳುಮೆಣಸು, ಹಲಸು, ಬೈನೆ. ನಾವು ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅಂತೀವಲ್ಲ, ಅವರೂ ಹಾಗೇ ಅನ್ನುತ್ತಾರೆ: ಮೇಲಿನದು ಉಡರಟ, ಕೆಳಗಿನದು ಪಹತರಟ. ಘಟ್ಟದ ಮೇಲಿನವರಿಗೆ ಸ್ವಲ್ಪ ಜಂಬ ಜಾಸ್ತಿ, ಅದೂ ನಮ್ಮ ಹಾಗೇ. ಅದಕ್ಕೆ ಕಾರಣವೂ ಇದೆ. ಕರಾವಳಿ ಪೋರ್ಚುಗೀಸರ, ಡಚ್ಚರ, ಆಮೇಲೆ ಇಂಗ್ಲಿಷರ ಕೈಗೆ ಒಂದಾದ ಮೇಲೊಂದು ಹೋದರೂ ಕ್ಯಾಂಡಿಯ ರಾಜ್ಯ 1815ರವರೆಗೆ ಉಳಿದಿತ್ತು.

ಹೋಗುವುದು ಹೇಗೆ?

ಶಿರಸಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು. ಅಲ್ಲಿಂದ ಕೊಲಂಬೊಗೆ ನೇರ ವಿಮಾನ, ಒಂದೂವರೆ ತಾಸಿನ ಆಸುಪಾಸು. ಬೆಂಗಳೂರು ಮುಟ್ಟಲು ನನಗೆ ಹಿಡಿದ ಹೊತ್ತಿನಲ್ಲಿ ಐದು ಸಲ ಲಂಕೆಗೆ ಹೋಗಬಹುದಿತ್ತು. ಹೊರಡುವ ಮೊದಲೇ ಅವರ ಸರ್ಕಾರದ ವೆಬ್‌ಸೈಟಿನಲ್ಲಿ ಇ.ಟಿ.ಎ. ಎಂಬ ಪ್ರವೇಶ ಪರವಾನಗಿ ತೆಗೆದುಕೊಳ್ಳಿ. ಅದರ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಅಲ್ಲೇ ನೋಡಿ. ಅದೇ ಹೆಸರಿನ ನಕಲಿ ಸೈಟುಗಳಿವೆ, ಹುಷಾರು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರಲಿ. ಗಡಿಯಾರ ತಿರುಗಿಸುವ ಕೆಲಸವಿಲ್ಲ, ಇಬ್ಬರದೂ ಒಂದೇ ಸಮಯ.

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಕ್ಯಾಂಡಿಗೆ ರೈಲಿನಲ್ಲಿ ಹೋಗಿ. ಈ ಹಳಿ ಕ್ಯಾಂಡಿ ಮುಟ್ಟಿದ್ದು 1867ರಲ್ಲಿ. ಸುಮಾರು 120 ಕಿ.ಮೀ., ಎರಡೂವರೆಯಿಂದ ಮೂರು ತಾಸು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ರಂಬುಕ್ಕನ ದಾಟಿದ ಮೇಲೆ ರೈಲು ಘಟ್ಟ ಹತ್ತುತ್ತದೆ. ರೈಲು ನೋಡಲು ತಾಳಗುಪ್ಪಕ್ಕೋ ಕುಮಟಾಕ್ಕೋ ಹೋಗಬೇಕಾದ ಶಿರಸಿಯವಳು ನಾನು. ದೇವಿಮನೆ ಘಟ್ಟದಲ್ಲಿ ರೈಲು ಓಡಿದರೆ ಹೀಗಿರುತ್ತಿತ್ತು ಅಂತ ದಾರಿ ಉದ್ದಕ್ಕೂ ಅಂದುಕೊಂಡೆ. 2025ರ ನವೆಂಬರ್ ಕೊನೆಯ ಚಂಡಮಾರುತದಲ್ಲಿ ಆ ಗುಡ್ಡಗಾಡಿಗೆ ದೊಡ್ಡ ಪೆಟ್ಟು ಬಿದ್ದಿದೆ. ಹಾಗಾಗಿ ರೈಲು ಓಡುತ್ತಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ. ಬಸ್ಸುಗಳಂತೂ ಬೇಕಾದಷ್ಟಿವೆ.

ಹಿಂದಿನ ದಿನ ಸಂಜೆಯೇ ಕ್ಯಾಂಡಿ ಸೇರಿ. ಬೆಳಗಿನ ಪೂಜೆ ನೋಡಬೇಕಾದರೆ ಬೇರೆ ದಾರಿಯಿಲ್ಲ.

ಭಾಷೆ?

ಸಿಂಹಳ. ತಮಿಳೂ ಇದೆ, ದೇವಸ್ಥಾನದ ಸುತ್ತ ಇಂಗ್ಲಿಷ್ ನಡೆಯುತ್ತದೆ. ಸಿಂಹಳದ ಲಿಪಿ ನೋಡಿದರೆ ಕನ್ನಡದ ಹಾಗೆ ದುಂಡಗಿದೆ. ಕಣ್ಣು ಓದಲು ಹೋಗುತ್ತದೆ, ಆದರೆ ಓದಲು ಬರುವುದಿಲ್ಲ. ಕನ್ನಡಕ ಮನೆಯಲ್ಲಿ ಮರೆತು ಬಂದ ಹಾಗಾಗುತ್ತದೆ. ಮಾತಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಪರಿಚಯದ ಶಬ್ದ ಸಿಗುತ್ತದೆ. ಧನ್ಯವಾದಕ್ಕೆ ‘ಸ್ತೂತಿ’. ನಮಸ್ಕಾರಕ್ಕೆ ‘ಆಯುಬೋವನ್’, ಆಯುಷ್ಯ ಹೆಚ್ಚಲಿ ಅಂತ. ಮಾಳಿಗಾವ ಅಂದರೆ ಅರಮನೆ, ನಮ್ಮ ಮಾಳಿಗೆಯ ನೆಂಟ. ದಳದಾ ಅಂದರೆ ದಂತಧಾತು. ಕ್ಯಾಂಡಿಗೆ ಊರಿನವರು ಹೇಳುವುದು ‘ನುವರ’ ಅಂತ, ಅಂದರೆ ಪಟ್ಟಣ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದೂ ಅದನ್ನೇ.

ಏನು ಉಡಬೇಕು?

ಭುಜ, ಮೊಣಕಾಲು ಮುಚ್ಚಿರಬೇಕು. ಗಂಡಸರಿಗೂ ಅದೇ ನಿಯಮ, ಚಡ್ಡಿ ನಡೆಯುವುದಿಲ್ಲ. ಬಿಳಿ ಉಟ್ಟರೆ ಒಳ್ಳೆಯದು, ಅಲ್ಲಿನ ಭಕ್ತರು ಬಿಳಿಯಲ್ಲೇ ಬರುತ್ತಾರೆ. ನಾನು ಬಿಳಿ ಕಾಟನ್ ಸೀರೆ ಉಟ್ಟಿದ್ದೆ. ಮೂರು ಜನ ನನ್ನನ್ನು ಸಿಂಹಳದಲ್ಲೇ ಮಾತಾಡಿಸಿದರು.

ಚಪ್ಪಲಿ ಹೊರಗೆ ಬಿಡಬೇಕು. ಇದು ನಮಗೆ ಹೊಸದಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ಅಂಗಳದ ಕಲ್ಲು ದೋಸೆ ಹಂಚಿನ ಹಾಗೆ ಕಾಯುತ್ತದೆ. ಸಾಕ್ಸ್ ಹಾಕಿಕೊಂಡ ವಿದೇಶಿಯರನ್ನು ನೋಡಿ ಬೆಳಿಗ್ಗೆ ನಕ್ಕಿದ್ದೆ. ಹನ್ನೆರಡು ಗಂಟೆಗೆ ನನಗೆ ನಗು ಬರಲಿಲ್ಲ.

ಬಾಗಿಲಲ್ಲೇ ಪೊಲೀಸರು ನಿಮ್ಮನ್ನು ಹಿಡಿದರಂತೆ?

ನನ್ನನ್ನಲ್ಲ, ನನ್ನ ಅಡಕತ್ತಿಯನ್ನು. ಈ ಸುದ್ದಿ ಇಷ್ಟು ಬೇಗ ಶಿರಸಿ ತುಂಬ ಹಬ್ಬಿಸಿದ್ದು ನನ್ನ ಅತ್ತಿಗೆ.

ಅಲ್ಲಿ ತಪಾಸಣೆ ಬಿಗಿ. ಕಾರಣವಿದೆ. 1998ರ ಜನವರಿ 25ರಂದು ಎಲ್.ಟಿ.ಟಿ.ಇ.ಯವರು ಬಾಂಬ್ ತುಂಬಿದ ಲಾರಿಯನ್ನು ದೇವಸ್ಥಾನದ ಮುಂದೆ ಸ್ಫೋಟಿಸಿದರು. ಜನ ಸತ್ತರು, ಮುಂಭಾಗ, ಸೂರು ಒಡೆದುಹೋದವು. ಈಗ ಇರುವುದು ಆಮೇಲೆ ದುರಸ್ತಿ ಮಾಡಿದ್ದು. ಆ ದಿನದಿಂದ ಎದುರಿನ ರಸ್ತೆಯಲ್ಲಿ ಮೊದಲಿನ ಹಾಗೆ ಗಾಡಿ ಬಿಡುವುದಿಲ್ಲ. ಹೆಂಗಸರಿಗೆ ಬೇರೆ ಸಾಲು.

ನನ್ನ ಕವಳದ ಸಂಚಿ ಊರಿನಿಂದ ದೊಡ್ಡ ಬ್ಯಾಗಿನಲ್ಲಿ ಬಂದಿತ್ತು. ಎಲೆ ಅಡಿಕೆ ಏನೂ ತಂದಿರಲಿಲ್ಲ, ಖಾಲಿ ಸಂಚಿ. ಅಭ್ಯಾಸಬಲ, ಬೆಳಿಗ್ಗೆ ಅದನ್ನು ಕೈಚೀಲಕ್ಕೆ ಹಾಕಿಕೊಂಡಿದ್ದೆ. ಪೊಲೀಸ್ ಹುಡುಗಿ ಅದರೊಳಗೆ ಕೈ ಹಾಕಿ ಅಡಕತ್ತಿ ತೆಗೆದಳು. ನನಗೆ ಬೆವರು. ಅವಳು ಮಾತ್ರ ಅದನ್ನು ಎರಡು ಸಲ ಕಚಕಚ ಮಾಡಿ ನೋಡಿ, ಪಕ್ಕದವಳಿಗೆ ತೋರಿಸಿ, ‘ಗಿರಯ!’ ಅಂತ ನಕ್ಕಳು. ಅವರ ಭಾಷೆಯಲ್ಲಿ ಅಡಕತ್ತಿಗೆ ಗಿರಯ. ಅಡಿಕೆಗೆ ಪುವಕ್, ಎಲೆಗೆ ಬುಲತ್. ಹಿರಿಯರಿಗೆ ಗೌರವ ತೋರಿಸಬೇಕಾದರೆ ವೀಳ್ಯದೆಲೆಯ ಕಟ್ಟು ಕೊಡುವುದು ಅಲ್ಲೂ ಇದೆ. ಅಡಕತ್ತಿಯನ್ನು ಅವರ ಮೇಜಿನಲ್ಲಿ ಇಟ್ಟುಕೊಂಡು, ಹೋಗುವಾಗ ತಗೊಳ್ಳಿ ಅಂದರು.

ಟಿಕೆಟ್ ಇದೆಯಾ?

ವಿದೇಶಿಯರಿಗೆ ಇದೆ, ಊರಿನವರಿಗೆ ಇಲ್ಲ. ನಾನು ಹೋದಾಗ ಸಾರ್ಕ್ ದೇಶದವರಿಗೆ, ಅಂದರೆ ನಾವೂ ಸೇರಿ ದಕ್ಷಿಣ ಏಷ್ಯಾದವರಿಗೆ, ಉಳಿದ ವಿದೇಶಿಯರಿಗಿಂತ ಕಡಿಮೆ ದರ ಇತ್ತು. ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆ ರೂಪಾಯಿ ಆಸುಪಾಸು ಬರುತ್ತಿತ್ತು. ಬೋರ್ಡಿನ ಮೇಲಿನ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ.

ಗೈಡ್ ಬೇಡವೇ ಬೇಡವಾ? ಏನೂ ತಿಳಿಯುವುದಿಲ್ಲವಲ್ಲ?

ಗೇಟಿನಲ್ಲೇ ಕೇಳುತ್ತಾರೆ. ನಾನು ಬೇಡ ಅಂದೆ. ಅದಕ್ಕೂ ಬನವಾಸಿಯೇ ಕಾರಣ. ಹಿಂದಿನ ವರ್ಷ ಬೆಂಗಳೂರಿನ ನೆಂಟರನ್ನು ಮಧುಕೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಒಬ್ಬರು ವಿವರಣೆ ಕೊಡಲು ಸಿಕ್ಕರು. ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ. ಇದು ಕಲ್ಲಿನ ಮಂಚ. ಅದು ಕಂಬ, ಅದರಲ್ಲಿ ನಿಮ್ಮ ನೆರಳು ನೋಡಿ. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಅವರು ಹೇಳಿದ್ದು ತಪ್ಪಲ್ಲ. ಆದರೆ ನೆಂಟರಲ್ಲಿ ಒಬ್ಬರೂ ಒಂದು ಕಡೆ ಎರಡು ನಿಮಿಷ ಕೂರಲಿಲ್ಲ. ತೋರಿಸುವವರು ಮುಂದೆ ಹೋದರೆ ನಾವೂ ಮುಂದೆ ಹೋಗಲೇಬೇಕು, ದನ ಮೇವಿನ ಹಿಂದೆ ಹೋದ ಹಾಗೆ.

ಕ್ಯಾಂಡಿಯಲ್ಲಿ ನಾನು ಕೂತೆ. ಮೇಲಿನ ಮಹಡಿಯಲ್ಲಿ, ಗರ್ಭಗುಡಿಯ ಬಾಗಿಲಿನ ಎದುರು, ನೆಲದ ಮೇಲೆ. ಸುತ್ತ ಊರಿನ ಹೆಂಗಸರು. ಯಾರೋ ಸಣ್ಣ ಪುಸ್ತಕ ಹಿಡಿದು ಓದುತ್ತಿದ್ದರು. ಒಂದು ಕೂಸು ಅಮ್ಮನ ಮಡಿಲಲ್ಲಿ ಮಲಗಿತ್ತು. ಮುಕ್ಕಾಲು ತಾಸು ನನ್ನನ್ನು ಯಾರೂ ಎಬ್ಬಿಸಲಿಲ್ಲ. ಅಷ್ಟರಲ್ಲಿ ಗೈಡ್ ಜೊತೆ ಬಂದ ನಾಲ್ಕು ಗುಂಪು ಬಂದು ಹೋದವು, ನಾಲ್ಕು ಭಾಷೆಯಲ್ಲಿ ಅದೇ ವಿವರಣೆ. ಪುಕ್ಕಟೆ ಕೇಳಿದೆ ಅನ್ನಿ.

ನಷ್ಟವೂ ಆಯಿತು, ಮುಚ್ಚಿಡುವುದಿಲ್ಲ. ಬುಧವಾರದ ದಿನ ಅಲ್ಲಿ ನಾನುಮುರ ಮಂಗಲ್ಯ ಅಂತ ಸ್ನಾನದ ವಿಧಿ ಇದೆ. ಸುಗಂಧದ ನೀರಿನಲ್ಲಿ ನಡೆಯುತ್ತದೆ, ಆ ನೀರನ್ನು ಭಕ್ತರಿಗೆ ಕೊಡುತ್ತಾರೆ, ಕಾಯಿಲೆಗೆ ಒಳ್ಳೆಯದು ಅಂತ ನಂಬಿಕೆ. ನಾನು ಹೋದದ್ದು ಗುರುವಾರ. ಒಂದೇ ದಿನದಲ್ಲಿ ತಪ್ಪಿತು. ಮೆಟ್ಟಿಲ ಬುಡದ ಅರ್ಧಚಂದ್ರಾಕಾರದ ಕಲ್ಲನ್ನು ಸುಮ್ನೆ ದಾಟಿ ಬಂದೆ. ಅದಕ್ಕೆ ಸಂದಕಡ ಪಹಣ ಅಂತ ಹೆಸರಿದೆ, ಸಿಂಹಳ ಶಿಲ್ಪದ ಹೆಮ್ಮೆಯ ತುಂಡು ಅದು ಅಂತ ಊರಿಗೆ ಬಂದ ಮೇಲೆ ಓದಿದೆ. ನನ್ನ ಸಲಹೆ ಇಷ್ಟು: ಮನೆಯಲ್ಲಿ ಎರಡು ಸಂಜೆ ಓದಿಕೊಂಡು ಹೋಗಿ, ಅಲ್ಲಿ ಯಾರನ್ನೂ ಹಿಂಬಾಲಿಸಬೇಡಿ. ಒಳಗಿನ ಹೊಸ ಮಂದಿರ, ಅಲುತ್ ಮಾಳಿಗಾವ ಅಂತಾರೆ, ಅದರ ಗೋಡೆಯ ಚಿತ್ರಗಳ ಸಾಲೇ ಹಲ್ಲಿನ ಕತೆ ಮೊದಲಿಂದ ಕೊನೆವರೆಗೆ ಹೇಳುತ್ತದೆ.

ಹಲ್ಲು ನೋಡಿದ್ರಾ?

ಇಲ್ಲ. ಯಾರೂ ನೋಡುವುದಿಲ್ಲ. ಹಲ್ಲು ಇರುವುದು ಒಂದರೊಳಗೆ ಒಂದು ಇಟ್ಟ ಏಳು ಕರಂಡಕಗಳ, ಅಂದರೆ ಮುಚ್ಚಳದ ಪೆಟ್ಟಿಗೆಗಳ, ಒಳಗೆ. ಪೂಜೆ ಹೊತ್ತಿಗೆ ಬಾಗಿಲು ತೆಗೆದಾಗ ಕಾಣುವುದು ಹೊರಗಿನ ದೊಡ್ಡ ಚಿನ್ನದ ಕರಂಡಕ, ಸ್ತೂಪದ ಆಕಾರದ್ದು. ಅದೂ ಸಾಲಿನಲ್ಲಿ ನಡೆಯುತ್ತಾ, ಒಂದು ಗಳಿಗೆ. ಮೊದಲ ಸಲ ನಾನು ಮುಂದೆ ಇಟ್ಟಿದ್ದ ಹೂವಿನ ರಾಶಿ ನೋಡುತ್ತಾ ಕರಂಡಕವನ್ನೇ ನೋಡದೆ ದಾಟಿಬಿಟ್ಟೆ. ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತೆ.

ಕೋಣೆಯ ಬೀಗದ ಕೈ ಮೂವರ ಹತ್ತಿರ ಇರುತ್ತದೆ: ಮಲ್ವತ್ತ, ಅಸ್ಗಿರಿಯ ಎಂಬ ಎರಡು ಪೀಠಗಳ ಮಹಾನಾಯಕರು, ಮತ್ತೆ ದಿಯವಡನ ನಿಳಮೆ ಎಂಬ ಗೃಹಸ್ಥ ಅಧಿಕಾರಿ. ಮೂವರೂ ಒಪ್ಪದೆ ಬಾಗಿಲು ತೆರೆಯುವಂತಿಲ್ಲ. ನಮ್ಮ ಮಂಡಿಯ ತಿಜೋರಿಗೆ ಇಬ್ಬರ ಹತ್ತಿರ ಮಾತ್ರ ಇದೆ, ಆದರೂ ವಾರಕ್ಕೊಂದು ರಗಳೆ.

ಹಲ್ಲನ್ನೇ ಹೊರಗೆ ತೆಗೆದು ದರ್ಶನಕ್ಕೆ ಇಡುವುದು ಬಹಳ ಅಪರೂಪ. 2009ರಲ್ಲಿ ಇಟ್ಟಿದ್ದರು. ಆಮೇಲೆ ಹದಿನಾರು ವರ್ಷ ಇಲ್ಲ. ನಾನು ಬಂದು ಎರಡೇ ತಿಂಗಳಿಗೆ, 2025ರ ಏಪ್ರಿಲ್‌ನಲ್ಲಿ ಹತ್ತು ದಿನ ಇಟ್ಟರು. ಸುದ್ದಿ ಓದಿ ಹೊಟ್ಟೆ ಉರಿದದ್ದು ನಿಜ. ಆಮೇಲೆ ದಿನಗಟ್ಟಲೆ ನಿಂತ ಜನರ ಸಾಲಿನ ಫೋಟೊ ನೋಡಿ ಸ್ವಲ್ಪ ತಣ್ಣಗಾಯಿತು.

ಅದು ನಿಜವಾದ ಹಲ್ಲಾ?

ಮಂಡಿಯ ಯಜಮಾನರು ಕೇಳಿದ್ದು ಇದು. ವ್ಯಾಪಾರಿ ಬುದ್ಧಿ.

ನಂಬಿಕೆಯ ಕತೆ ಹೀಗಿದೆ. ಹಲ್ಲು ಮೊದಲು ಕಳಿಂಗದ ದಂತಪುರದಲ್ಲಿತ್ತು. ಯುದ್ಧ ಬಂತು. ರಾಜಕುಮಾರಿ ಹೇಮಮಾಲೆ ಅದನ್ನು ತುರುಬಿನಲ್ಲಿ ಬಚ್ಚಿಟ್ಟುಕೊಂಡು, ಗಂಡ ದಂತಕುಮಾರನ ಜೊತೆ ಹಡಗು ಹತ್ತಿ ಲಂಕೆಗೆ ತಂದಳು. ಅದು ನಾಲ್ಕನೇ ಶತಮಾನ. ಆಮೇಲೆ ಯಾರ ಕೈಯಲ್ಲಿ ಹಲ್ಲು ಇದೆಯೋ ಅವರದೇ ರಾಜ್ಯ ಅಂತ ಆಯಿತು. ರಾಜಧಾನಿ ಹೋದಲ್ಲೆಲ್ಲ ಹಲ್ಲೂ ಹೋಯಿತು: ಅನುರಾಧಪುರ, ಪೊಲೊನ್ನರುವ, ಕೊನೆಗೆ ಕ್ಯಾಂಡಿ.

ಇನ್ನೊಂದು ಕತೆ ನಮ್ಮ ಬೇಲಿಯ ಆಚೆಯದು. 1560ರಲ್ಲಿ ಪೋರ್ಚುಗೀಸರು ಜಾಫ್ನಾದಲ್ಲಿ ಒಂದು ಹಲ್ಲನ್ನು ಹಿಡಿದು ಗೋವಾಕ್ಕೆ ತಂದರು. ಬರ್ಮಾದ ಪೆಗು ರಾಜ ರಾಶಿ ಹಣ ಕೊಡುತ್ತೇನೆ, ನನಗೆ ಕೊಡಿ ಅಂದ. ಪಾದ್ರಿಗಳು ಒಪ್ಪಲಿಲ್ಲ. ಎಲ್ಲರೆದುರು ಕುಟ್ಟಿ ಪುಡಿ ಮಾಡಿ, ಸುಟ್ಟು, ಹೊಳೆಗೆ ಹಾಕಿದರು. ಕಾರವಾರದಿಂದ ಎರಡು ತಾಸಿನ ದಾರಿಯಲ್ಲಿ ನಡೆದದ್ದು ಇದು. ಸಿಂಹಳೀಯರು ಹೇಳುವುದು, ಅವರಿಗೆ ಸಿಕ್ಕಿದ್ದು ನಕಲಿ, ಅಸಲಿ ನಮ್ಮ ಹತ್ತಿರವೇ ಇತ್ತು ಅಂತ. ನಾನು ಯಾರ ಪರವಾಗಿಯೂ ಸಹಿ ಹಾಕುವುದಿಲ್ಲ. ಮಲಗಿದ ಕೂಸನ್ನು ಹೊತ್ತು ನಾಲ್ಕು ಗಂಟೆಗೆ ಎದ್ದು ಬಂದ ಆ ಹೆಂಗಸಿಗೆ ಈ ಪ್ರಶ್ನೆ ಇರಲಿಲ್ಲ.

ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು?

ದಿನಕ್ಕೆ ಮೂರು ಪೂಜೆ, ತೇವಾವ ಅಂತಾರೆ. ಬೆಳಿಗ್ಗೆ ಐದೂವರೆ, ಒಂಬತ್ತೂವರೆ, ಸಂಜೆ ಆರೂವರೆ ಸುಮಾರಿಗೆ. ನಾನು ಮೂರಕ್ಕೂ ಇದ್ದೆ. ಒಂದೇ ಆರಿಸಿಕೊಳ್ಳುವುದಾದರೆ ಬೆಳಗಿನದು. ಸಂಜೆ ಪ್ರವಾಸಿಗಳ ನೂಕಾಟ, ಮೊಬೈಲುಗಳೇ ತಲೆಯ ಮೇಲೆ ತೇಲುತ್ತವೆ.

ಆದರೆ ವಾದ್ಯ ಮೂರು ಹೊತ್ತೂ ಇದೆ, ಅದನ್ನು ಬಿಡಬೇಡಿ. ಕೆಳಗಿನ ಮಂಟಪದಲ್ಲಿ ಬಿಳಿ ಪಂಚೆ, ಕೆಂಪು ಪಟ್ಟಿ, ಬರೀ ಮೈಯ ವಾದ್ಯದವರು ನಿಲ್ಲುತ್ತಾರೆ. ಇದಕ್ಕೆ ಹೆವಿಸಿ ಅಂತ ಹೆಸರು. ಗೆಟ ಬೆರ ನೋಡಿದರೆ ನಮ್ಮ ಮದ್ದಳೆಯ ಅಣ್ಣ: ನಡುವಿಗೆ ಕಟ್ಟಿ ಎರಡೂ ಕೈಯಲ್ಲಿ ಬಾರಿಸುವುದು. ದವುಲಕ್ಕೆ ಒಂದು ಕಡೆ ಕೋಲು, ಒಂದು ಕಡೆ ಕೈ. ತಮ್ಮಟ್ಟಮ ಅಂದರೆ ಜೋಡಿ ಸಣ್ಣ ನಗಾರಿ, ತುದಿ ಬಾಗಿದ ಕೋಲಿನಲ್ಲಿ ಹೊಡೆಯುತ್ತಾರೆ. ಮೇಲಿಂದ ಹೊರನೆವ ಎಂಬ ಊದುವ ವಾದ್ಯ, ಮುಖವೀಣೆಯ ಹಾಗೆ ಚೂಪು ದನಿ. ರಾತ್ರಿಯಿಡೀ ಬಡಗುತಿಟ್ಟಿನ ಆಟ ನೋಡಿ ಬೆಳೆದ ಕಿವಿ ನನ್ನದು. ನಸುಕಿನ ಕತ್ತಲಲ್ಲಿ ಆ ಪೆಟ್ಟು ಬಿದ್ದಾಗ, ಇನ್ನೇನು ವೇಷ ಬರುತ್ತದೆ ಅಂತ ಬಾಗಿಲ ಕಡೆ ನೋಡಿದೆ. ಬಂದದ್ದು ಭಿಕ್ಕುಗಳು, ಬಟ್ಟೆ ಮುಚ್ಚಿದ ಪಾತ್ರೆಗಳ ಜೊತೆ.

ಹುಣ್ಣಿಮೆ ಅಲ್ಲಿ ‘ಪೋಯ’, ದೇಶಕ್ಕೇ ರಜೆ. ಅವತ್ತು ವಿಪರೀತ ಜನ. ಹೆಂಡದಂಗಡಿಯೂ ಬಂದ್.

ಪ್ರಸಾದ, ಮಂಗಳಾರತಿ, ಕುಂಕುಮ?

ಏನೂ ಇಲ್ಲ. ಕೈ ಚಾಚಿದರೆ ಖಾಲಿಯೇ ವಾಪಸ್ ಬರುತ್ತದೆ. ಇದು ನಮ್ಮವರಿಗೆ ಜೀರ್ಣವಾಗುವುದು ಕಷ್ಟ. ಆಯಿ ಅಂತೂ, ‘ಪ್ರಸಾದ ಇಲ್ದ ದೇವಸ್ಥಾನ ಎಂಥಾ ದೇವಸ್ಥಾನವೇ’ ಅಂದಳು.

ಕೊಡುವುದು ಮಾತ್ರ ಇದೆ. ಹೊರಗೆ ಹೂವಿನ ಅಂಗಡಿಗಳಿವೆ: ತಾವರೆ, ನೀಲಿ ನೈದಿಲೆ, ಮಲ್ಲಿಗೆ. ನೈದಿಲೆಗೆ ನಿಲ್ ಮಾನೆಲ್ ಅಂತಾರೆ, ಅದು ಅವರ ದೇಶದ ಹೂವು. ಹೂವು ಮೂಸಬಾರದು, ನಮ್ಮಲ್ಲಿದ್ದ ಹಾಗೇ. ನಾನು ಬರಿಗೈಯಲ್ಲಿ ಹೋಗಿದ್ದೆ. ಪಕ್ಕದ ಅಜ್ಜಿ ತನ್ನ ತಟ್ಟೆಯಿಂದ ಅರ್ಧ ಹೂವು ನನ್ನ ಕೈಗೆ ಸುರಿದಳು. ಇಡುವಾಗ ಅವಳು ಏನೋ ಹೇಳುತ್ತಿದ್ದಳು. ಕುಸುಮ, ಕಾಯ, ವಿನಾಸ ಅಂತ ಮೂರು ಶಬ್ದ ಕಿವಿಗೆ ಸಿಕ್ಕವು. ಆಮೇಲೆ ಹುಡುಕಿದೆ. ಪಾಲಿಯ ಶ್ಲೋಕ ಅದು. ‘ಪುಪ್ಫಂ ಮಿಲಾಯಾತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ’. ಈ ಹೂವು ಬಾಡುವ ಹಾಗೇ ನನ್ನ ಮೈಯೂ ಬಾಡುತ್ತದೆ ಅಂತ. ದೇವರ ಮುಂದೆ ನಿಂತು ಏನಾದರೂ ಕೇಳುವುದು ನನಗೆ ರೂಢಿ. ಅಜ್ಜಿ ಹೇಳಿದ ಶ್ಲೋಕದಲ್ಲಿ ಬೇಡಿಕೆ ಅಂತ ಇದ್ದದ್ದು ಒಂದೇ, ಮೋಕ್ಷ. ನನ್ನ ಪಟ್ಟಿಯಲ್ಲಿ ತಂಗಿಯ ಮಗನ ಮದುವೆಯಿಂದ ಹಿಡಿದು ನಾಲ್ಕು ಇದ್ದವು.

ಅಲ್ಲಿ ನಮ್ಮ ದೇವರಿಲ್ಲವಾ?

ಪಕ್ಕದಲ್ಲೇ ಇದ್ದಾರೆ. ಆವರಣದ ಸುತ್ತ ನಾಲ್ಕು ದೇವಾಲೆಗಳು: ನಾಥ, ವಿಷ್ಣು, ಕತರಗಾಮ, ಪತ್ತಿನಿ. ವಿಷ್ಣು ಅವರಿಗೆ ಬೌದ್ಧ ಧರ್ಮವನ್ನು ಕಾಯುವ ದೇವರು. ಕತರಗಾಮ ನಮ್ಮ ಸುಬ್ರಹ್ಮಣ್ಯ. ಪತ್ತಿನಿ ತಮಿಳರ ಕಣ್ಣಗಿ. ನಾಥ ಅಂದರೆ ಅವಲೋಕಿತೇಶ್ವರ ಎಂಬ ಬೋಧಿಸತ್ವ, ಆ ಗುಡಿ 14ನೇ ಶತಮಾನದ್ದು, ಕ್ಯಾಂಡಿಯಲ್ಲೇ ಹಳೆಯ ಕಟ್ಟಡ. ಕೇಳುವುದೆಲ್ಲ ಇವರ ಹತ್ತಿರ ಕೇಳುತ್ತಾರೆ. ಬುದ್ಧನಿಗೆ ತೊಂದರೆ ಕೊಡುವುದಿಲ್ಲ. ಒಳ್ಳೆಯ ವ್ಯವಸ್ಥೆ ಅಂತ ನನಗನ್ನಿಸಿತು.

ಪೂಜೆಗಳ ನಡುವೆ ಅಷ್ಟು ಹೊತ್ತು ಏನು ಮಾಡಿದ್ರಿ? ಬೋರ್ ಆಗ್ಲಿಲ್ವಾ?

ಎರಡು ಗಂಟೆಯಿಂದ ಮೂರರವರೆಗೆ ಆಯಿತು. ಕೆರೆಯ ಕಟ್ಟೆ ಮೇಲೆ ಕೂತು ತೂಕಡಿಸಿದೆ.

ಉಳಿದ ಹೊತ್ತು ನೋಡುವುದು ಬೇಕಾದಷ್ಟಿದೆ. ಮಗುಲ್ ಮಡುವ ಎಂಬ ರಾಜಸಭೆಯ ಚಾವಡಿಯ ಮರದ ಕಂಬಗಳನ್ನು ನೋಡಿ, ನಮ್ಮ ಹಳೆ ಮನೆಗಳ ಕಂಬದ ಕೆತ್ತನೆ ಗೊತ್ತಿದ್ದವರಿಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. 1815ರ ಮಾರ್ಚ್ 2ರಂದು ಕ್ಯಾಂಡಿಯ ರಾಜ್ಯವನ್ನು ಇಂಗ್ಲಿಷರಿಗೆ ಒಪ್ಪಿಸಿದ ಕರಾರು ಓದಿದ್ದು ಅಲ್ಲೇ. ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತದ ನಾಯಕ ಮನೆತನದವನು. ಎದುರಿನ ಕೆರೆ ಕಟ್ಟಿಸಿದ್ದೂ, ದೇವಸ್ಥಾನದ ಎಂಟು ಮೂಲೆಯ ಮಂಟಪ ಕಟ್ಟಿಸಿದ್ದೂ ಅವನೇ. ಅವನನ್ನು ವೆಲ್ಲೂರಿಗೆ ಸಾಗಿಸಿದರು, 1832ರಲ್ಲಿ ಅಲ್ಲೇ ತೀರಿಕೊಂಡ.

ಆನೆಯ ವಸ್ತುಸಂಗ್ರಹಾಲಯ ಇದೆ. ರಾಜಾ ಎಂಬ ಆನೆ ದಶಕಗಟ್ಟಲೆ ಮೆರವಣಿಗೆಯಲ್ಲಿ ಕರಂಡಕ ಹೊತ್ತಿತ್ತು, 1988ರಲ್ಲಿ ಸತ್ತಿತು. ಅದರ ಚರ್ಮ ತುಂಬಿಸಿ ನಿಲ್ಲಿಸಿದ್ದಾರೆ. ನನಗೆ ಅಷ್ಟು ಸೇರಲಿಲ್ಲ. ದೇವಸ್ಥಾನದ ಹಿಂದಿನ ಉಡವತ್ತಕೆಲೆ ಕಾಡು ಚೆನ್ನಾಗಿದೆ, ಮಳೆಗಾಲದಲ್ಲಾದರೆ ಉಂಬಳ (ರಕ್ತ ಹೀರುವ ಜಿಗಣೆ) ಗ್ಯಾರಂಟಿ.

ಸಸ್ಯಾಹಾರಿಗಳು ಬದುಕಬಹುದಾ?

ಆರಾಮಾಗಿ, ಒಂದು ಶಬ್ದ ಕಲಿತರೆ. ಬೆಳಿಗ್ಗೆ ಶಾವಿಗೆ ಕೊಟ್ಟರು, ನಮ್ಮ ಒತ್ತು ಶಾವಿಗೆಯೇ, ಸಣ್ಣ ಸಣ್ಣ ಚಕ್ಕೆಯ ಹಾಗೆ. ಜೊತೆಗೆ ಬೇಳೆ ಸಾರು, ಪೊಲ್ ಸಂಬೋಲ. ಸಂಬೋಲ ಅಂದರೆ ಕೆಂಪು ಮೆಣಸು ಹಾಕಿದ ಕಾಯಿ ಚಟ್ನಿ. ಬಾಯಿಗೆ ಹಾಕುವ ಮೊದಲು ಹೋಮ್‌ಸ್ಟೇ ಅಕ್ಕ, ‘ಉಂಬಲಕಡ ಇದೆ, ಪರವಾಗಿಲ್ವಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಉಂಬಳ ಹಾಕಿದ ಚಟ್ನಿಯಾ ಅಂತ ನಾನು ತಟ್ಟೆ ದೂರ ತಳ್ಳಿದೆ! ಉಂಬಲಕಡ ಅಂದರೆ ಒಣಗಿಸಿದ ಮೀನಿನ ಚೂರು. ನೋಡಿದರೆ ಗೊತ್ತಾಗುವುದೇ ಇಲ್ಲ, ಪಲ್ಯಕ್ಕೂ ಹಾಕುತ್ತಾರೆ. ‘ಎಪಾ’ ಅಂದರೆ ಬೇಡ. ‘ಮಾಳು ಎಪಾ, ಉಂಬಲಕಡ ಎಪಾ’ ಅಂತ ಹೇಳಿಯೇ ಕೂರಿ. ಮೀನು ತಿನ್ನುವ ಕಾರವಾರದವರಿಗೆ ಈ ಉತ್ತರ ಬೇಡ.

ಮಧ್ಯಾಹ್ನ ಕೆಂಪಕ್ಕಿ ಅನ್ನ, ಎಳೆ ಹಲಸಿನಕಾಯಿಯ ಪೊಲೊಸ್, ಗೊಟುಕೊಲ. ಗೊಟುಕೊಲ ಅಂದರೆ ಒಂದೆಲಗ! ನಾವು ತಂಬುಳಿ ಮಾಡುತ್ತೇವೆ, ಅವರು ಹಸಿಯಾಗಿ ಹೆಚ್ಚಿ ಕಾಯಿತುರಿ ಹಾಕಿ ಕಲಸುತ್ತಾರೆ. ಕೊನೆಗೆ ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾಕ, ಅದು ಬೈನೆ ಮರದ್ದು. ನಮ್ಮ ಬೆಟ್ಟದಲ್ಲಿ ಬೈನೆ ಸುಮ್ನೆ ನಿಂತಿರುತ್ತದೆ.

ಮೋಸ ಹೋಗಲಿಲ್ಲವಾ?

ಹೋದೆ. ಕೆರೆದಂಡೆಯಲ್ಲಿ ಒಬ್ಬ ಆಟೊದವ, ‘ಈಗ ದೇವಸ್ಥಾನ ಮುಚ್ಚಿದೆ, ಇನ್ನೊಂದು ಕಡೆ ವಿಶೇಷ ಪೂಜೆ ಇದೆ’ ಅಂದ. ನಾನು ಆಗಷ್ಟೇ ಒಳಗಿಂದ ಬಂದಿದ್ದೆ, ಆದರೂ ಹತ್ತಿದೆ! ಪೂಜೆ ಇದ್ದದ್ದು ಹರಳಿನ ಅಂಗಡಿಯಲ್ಲಿ. ಏನೂ ಕೊಳ್ಳದೆ ಬಂದೆ, ಆಟೊ ಬಾಡಿಗೆ ಹೋಯಿತು. ಆಮೇಲಿಂದ ಪಿಕ್‌ಮೀ ಆ್ಯಪ್‌ನಲ್ಲೇ ಗಾಡಿ ಕರೆದೆ.

ಫೋಟೊ ತೆಗೆಯಬಹುದಾ?

ಬಹಳ ಕಡೆ ತೆಗೆಯಬಹುದು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಮಾತ್ರ ಖಂಡಿತ ಬೇಡ. ಕೂರುವಾಗ ಕಾಲು ಆ ಕಡೆ ಚಾಚಬೇಡಿ. ಬುದ್ಧನ ಹಚ್ಚೆ ಹಾಕಿಸಿಕೊಂಡ ಪ್ರವಾಸಿಗಳನ್ನು ದೇಶದಿಂದಲೇ ವಾಪಸ್ ಕಳಿಸಿದ್ದಾರೆ.

ಪೆರಹೆರಾ ಹೊತ್ತಿಗೆ ಹೋಗೋಣವಾ?

ಜುಲೈ, ಆಗಸ್ಟ್‌ನಲ್ಲಿ ಎಸಲ ಪೆರಹೆರಾ, ಹತ್ತು ದಿನದ ಮೆರವಣಿಗೆ. ಆನೆ, ಪಂಜು, ಕುಣಿತ. ನಮ್ಮ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ, ಅವರದು ಪ್ರತಿ ವರ್ಷ. ಜಾತ್ರೆಯಲ್ಲಿ ಮಾರಿಗುಡಿಯ ಒಳಗೆ ಶಾಂತವಾಗಿ ಕೂರಬಹುದು ಅನ್ನುವವರು ಆಗ ಹೋಗಲಿ.

ಅಡಕತ್ತಿ ವಾಪಸ್ ಸಿಕ್ತಾ?

ಸಿಕ್ಕಿತು. ಸಂಜೆಗೆ ಪಾಳಿ ಬದಲಾಗಿತ್ತು. ಬೆಳಗಿನ ಹುಡುಗಿ ಇಲ್ಲ. ಹೊಸಬಳಿಗೆ ಏನಂತ ಹೇಳುವುದು? ‘ಗಿರಯ’ ಅಂದೆ. ಮೇಜಿನ ಖಾನೆ ಎಳೆದಳು. ಸಿಗರೇಟ್ ಲೈಟರು, ಚಾಕು, ಕತ್ತರಿಗಳ ನಡುವೆ ನನ್ನದು ಇತ್ತು. ಯಾರೋ ಅದನ್ನು ಅವತ್ತಿನ ಪೇಪರಿನಲ್ಲಿ ಸುತ್ತಿ ರಬ್ಬರ್ ಹಾಕಿದ್ದರು. ಬಿಚ್ಚಿ ನೋಡಿದರೆ, ಬಾಯಿಯ ಸಂದಿಯಲ್ಲಿ ಹೊಸ ಅಡಿಕೆಯ ಚೂರು ಸಿಕ್ಕಿಕೊಂಡಿತ್ತು.